ಒಂದೇ ಎತ್ತರದ ತಮ್ಮಂದಿರು

ಅವರ ಎರಡು ಕೈಗಳೂ ಒಬ್ಬರವೇ ಎಂದು ನಂಬುವುದು ಕಷ್ಟವಿತ್ತು. ಬಲಗೈ ಬೆಣ್ಣೆಯ ಹಾಗೆ ಬೆಳ್ಳಗೆ, ಮೆತ್ತಗೆ. ಎಡಗೈ ಮಾತ್ರ ಆಗಷ್ಟೇ ಬೀಟ್‌ರೂಟ್ ಹೆಚ್ಚಿದವರ ಕೈಯಂತೆ ಕೆಂಪಗೆ, ಬಿರುಕು ಬಿಟ್ಟು, ಕಿರುಬೆರಳು ಹೊರಕ್ಕೆ ಬಾಗಿಕೊಂಡಿತ್ತು. ಇಪ್ಪತ್ತಾರು ವರ್ಷ ಬಲಗೈಗೆ ಮಾತ್ರ ಉಣ್ಣೆಯ ಗವುಸು ತೊಟ್ಟು, ಎಡಗೈಯನ್ನು ಬರಿದಾಗಿಯೇ ಐರ್ಲೆಂಡಿನ ಗಾಳಿಮಳೆಗೆ ಎತ್ತಿ ಹಿಡಿದದ್ದರ ಫಲ ಅದು. ಡಬ್ಲಿನ್ ಹೊರವಲಯದ ಟಾಲಾದಲ್ಲಿ ನಮ್ಮ ಬಡಾವಣೆಯ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ. ಉದ್ದ ಕೋಲಿನ ತುದಿಗೆ ದುಂಡನೆಯ ಫಲಕ ಇರುವುದರಿಂದ ಆ ಕೆಲಸದವರನ್ನು ಇಲ್ಲಿ ಲಾಲಿಪಾಪ್ ಲೇಡಿ ಎನ್ನುತ್ತಾರೆ. ಕೋಲು ಹಿಡಿಯುವ ಕೈಗೆ ಗವುಸು ಇದೆ, ಕಾರು ನಿಲ್ಲಿಸುವ ಕೈಗೆ ಯಾಕಿಲ್ಲ ಎಂದು ಒಮ್ಮೆ ಕೇಳಿದ್ದೆ.

"ಗವುಸು ನೋಡಿ ಯಾರೂ ನಿಲ್ಲಿಸಲ್ಲ, ಲವ್. ಕೈ ನೋಡಿದ್ರೆ ನಿಲ್ಲಿಸ್ತಾರೆ," ಎಂದಿದ್ದರು.

ಅವರು ಆಡುತ್ತಿದ್ದದ್ದು ಅಪ್ಪಟ ಡಬ್ಲಿನ್ ಇಂಗ್ಲಿಷು. ಆದರೆ ನನ್ನ ತಲೆಯೊಳಗೆ ಆ ಮಾತುಗಳು ಬಂದು ಕೂತಿರುವುದು ಬೆಂಗಳೂರಿನ ಕನ್ನಡದಲ್ಲಿ. ಹಾಗೆಯೇ ಬರೆಯುತ್ತೇನೆ. ಅವರು ನಮ್ಮ ಪಕ್ಕದ ಮನೆಯವರೂ ಹೌದು. ತಮ್ಮನ್ನು ಹೆಸರು ಹಿಡಿದೇ ಕರೆಯಬೇಕೆಂದು ಅವರ ಆಗ್ರಹ. ತಾಯಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳದು. ಹೀಗಾಗಿ ಮನೆಯೊಳಗೆ ಅವರು ಲಾಲಿಪಾಪ್ ಅಜ್ಜಿ ಆದರು. ಎದುರಿಗೆ ಹದಿನಾಲ್ಕು ವರ್ಷ ನಾನು ಅವರನ್ನು 'ಹಲೋ' ಎಂಬ ಹೆಸರಿನಿಂದಲೇ ಕರೆದೆ.

ನನ್ನ ಮಗಳನ್ನು ಮೊದಲ ದಿನ ಶಾಲೆಗೆ ಬಿಡಲು ಹೋದಾಗ ಅವರನ್ನು ಸರಿಯಾಗಿ ನೋಡಿದ್ದು. ರಸ್ತೆಯ ನಡುವೆ ಕೈಯೆತ್ತಿ ನಿಂತಿದ್ದರು. ಎರಡೂ ಕಡೆ ಕಾರುಗಳ ಸಾಲು. ಅರ್ಧ ರಸ್ತೆ ದಾಟಿದ ಮಗಳು ತಟ್ಟನೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿಹೋಗಿದ್ದ ಶೂ ಲೇಸು ಕಟ್ಟಿಕೊಳ್ಳತೊಡಗಿದಳು. ಅವಳು ಲೇಸು ಕಟ್ಟಲು ಕಲಿತು ಮೂರು ದಿನವಾಗಿತ್ತು. ಒಂದು ಗಂಟಿಗೆ ಒಂದು ಯುಗ. ನಾನು ಅವಳನ್ನು ಎತ್ತಿಕೊಂಡು ಓಡಲು ಬಗ್ಗಿದೆ.

"ಬಿಡಿ, ಅವಳೇ ಕಟ್ಕೊಳ್ಲಿ," ಎಂದರು ಕೈ ಇಳಿಸದೆ.

ಎಲ್ಲಕ್ಕಿಂತ ಮುಂದಿದ್ದ ಕಪ್ಪು ಕಾರಿನ ಗಾಜು ಇಳಿಯಿತು. ಒಳಗಿದ್ದವರು ಸರ್ಕಾರದ ಮಂತ್ರಿ; ಟಿವಿಯಲ್ಲಿ ನೋಡಿ ನನಗೂ ಮುಖ ಗೊತ್ತಿತ್ತು. ಆ ತಿಂಗಳೇ ನನ್ನ ವರ್ಕ್ ಪರ್ಮಿಟ್ ನವೀಕರಣವಾಗಬೇಕಿತ್ತು. ಮಂತ್ರಿಯ ಕಾರಿಗೆ ಅಡ್ಡ ನಿಂತ ಇಂಡಿಯನ್ ಎಂದು ಯಾವುದಾದರೂ ಫೈಲಿನಲ್ಲಿ ಬರೆದುಕೊಂಡರೆ ಗತಿಯೇನು ಎಂದು ನಾನು ಮುಖ ಆಚೆ ತಿರುಗಿಸಿಕೊಂಡೆ.

"ಸಭೆಗೆ ತಡವಾಗ್ತಿದೆ," ಎಂದರು ಮಂತ್ರಿ, ನಗುತ್ತಲೇ.

"ಆಗ್ಲಿ ಬಿಡಿ. ನಿಮಗೆ ವೋಟು ಹಾಕ್ದೋಳು ನಾನೇ. ಹಾಕ್ದೋಳೇ ಕಾಯ್ತಿದ್ದೀನಿ, ನಿಮಗೆ ಕಾಯಕ್ಕಾಗಲ್ವಾ?"

ಮಂತ್ರಿ ಕಾದರು. ಮಗಳು ಎರಡು ಸಲ ಗಂಟು ತಪ್ಪಿಸಿ, ಮೂರನೆಯ ಸಲ ಗೆದ್ದು ಎದ್ದಳು. ನಾನು ಬೆಳೆದ ಊರಿನಲ್ಲಿ ಮಂತ್ರಿ ಬರುತ್ತಾರೆಂದರೆ ಪೊಲೀಸರು ಅರ್ಧ ಗಂಟೆ ಮೊದಲೇ ಸೀಟಿ ಊದಿ ರಸ್ತೆ ಖಾಲಿ ಮಾಡಿಸುತ್ತಿದ್ದರು. ನಾವು ಶಾಲೆಯ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತು ಕೈ ಬೀಸಬೇಕು. ಕಾರಿನೊಳಗಿನಿಂದ ಬೀಸುತ್ತಿದ್ದ ಕೈ ನಮಗೋ ಸೊಳ್ಳೆಗೋ ತಿಳಿಯುತ್ತಿರಲಿಲ್ಲ. ಆ ಬೆಳಗ್ಗೆ ಅಜ್ಜಿ ಮಂತ್ರಿಗೆ ಅಗೌರವ ತೋರಿಸಿದರೆಂದು ನನಗೆ ಅನ್ನಿಸಲಿಲ್ಲ. ಉಳಿದ ಡ್ರೈವರುಗಳನ್ನು ನಿಲ್ಲಿಸುವಷ್ಟೇ ಗೌರವದಿಂದ ಅವರನ್ನೂ ನಿಲ್ಲಿಸಿದ್ದರು.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ಚಿಂತೆ ನನ್ನ ಕುಲಕಸುಬು. ನಮ್ಮಪ್ಪ ಮಳೆ ಬಂದರೆ ಚಿಂತಿಸುತ್ತಿದ್ದರು, ಬರದಿದ್ದರೂ ಚಿಂತಿಸುತ್ತಿದ್ದರು. ನಾನು ಅದನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಕೊಂಡೊಯ್ದೆ. ಅಮೆರಿಕದಲ್ಲಿ ನನಗೆ ಮತವಿಲ್ಲ, ಮನೆಯಿಲ್ಲ, ಹೋಗಿ ನೆಲೆಸುವ ಆಸೆಯೂ ಇಲ್ಲ. ಆದರೂ ಅಲ್ಲಿ ಚುನಾವಣೆ ಬಂದರೆ ಇಲ್ಲಿ ಏರುವುದು ನನ್ನ ಬಿಪಿ. ನೆಪಕ್ಕೆ ಒಂದು ಕಾರಣವಿತ್ತು. ನಾನು ದುಡಿಯುವ ಕಂಪನಿ ಅಮೆರಿಕದ್ದು. ಅಲ್ಲಿನ ಅಧ್ಯಕ್ಷರ ಬಾಯಿಂದ 'ಸುಂಕ' ಎಂಬ ಮಾತು ಬಿದ್ದರೆ ಇಲ್ಲಿ ನಮ್ಮ ಕ್ಯಾಂಟೀನಿನಲ್ಲಿ ಸೂಪಿನ ಚಮಚಗಳು ಅರ್ಧದಲ್ಲೇ ನಿಲ್ಲುತ್ತವೆ. ಅಧ್ಯಕ್ಷರ ವಿಷಯದಲ್ಲಿ ನಾನು ಯಾವ ಕಡೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಅರ್ಧ ಜನ ಇಲ್ಲಿಗೇ ಪುಟ ಮುಚ್ಚುತ್ತಾರೆ, ಉಳಿದರ್ಧ ಜನ ನನಗೆ ಫಾರ್ವರ್ಡುಗಳನ್ನು ಕಳಿಸಲು ಶುರುಮಾಡುತ್ತಾರೆ. ಒಂದು ವರ್ಷ ಯುಗಾದಿಗೆ ಇಲ್ಲಿನ ಕನ್ನಡಿಗರೆಲ್ಲ ಹಾಲ್ ಹಿಡಿದು ಊಟ ಹಾಕಿದಾಗ, ಬಿಸಿಬೇಳೆಬಾತಿನ ಪಾತ್ರೆಯ ಆಚೆ ಆ ಅಧ್ಯಕ್ಷರ ಭಕ್ತರು ಕೂತರೆ ಈಚೆ ವೈರಿಗಳು ಕೂತರು. ಅಷ್ಟೂ ಜನರಲ್ಲಿ ಅಮೆರಿಕದ ಮತದಾರ ಒಬ್ಬನೂ ಇರಲಿಲ್ಲ.

ಅಜ್ಜಿಯ ಹತ್ತಿರ ಈ ಆಟ ನಡೆಯುತ್ತಿರಲಿಲ್ಲ. ಅಲ್ಲಿನ ಮತ ಎಣಿಕೆ ಮುಗಿದ ಬೆಳಗ್ಗೆ ನಾನು ನಿದ್ದೆಗೆಟ್ಟ ಕಣ್ಣಿನಲ್ಲಿ ಬೇಲಿಯ ಬಳಿ ಹೋಗಿ "ನೋಡಿದ್ರಾ? ಪ್ರಪಂಚ ಎಲ್ಲಿಗೆ ಬಂತು!" ಎಂದೆ.

"ನೋಡ್ದೆ. ಇವತ್ತು ಬ್ರೌನ್ ಬಿನ್. ನಿಂದು ಇನ್ನೂ ಒಳಗೇ ಇದೆ."

ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕೆಂಬುದು ನನಗೆ ಇವತ್ತಿಗೂ ಬಗೆಹರಿಯದ ಶಾಸ್ತ್ರ. ಅವರೇ ನನ್ನ ಡಬ್ಬಿಯನ್ನು ದರದರ ಎಳೆದುಕೊಂಡು ಹೋಗಿ ರಸ್ತೆಗೆ ಇಟ್ಟು ಬಂದು, ಕೈ ಒರೆಸಿಕೊಳ್ಳುತ್ತ ಕೇಳಿದರು: "ನೀನು ಇಷ್ಟು ಒದ್ದಾಡ್ತೀಯಲ್ಲ ಆ ಮನುಷ್ಯನಿಗೆ, ಅವನು ಯಾವತ್ತಾದ್ರೂ ನಿನ್ನ ಬಿನ್ ಹೊರಗಿಡ್ತಾನಾ?"

ಅವರಿಗೆ ಈ ಜ್ಞಾನ ಸುಮ್ಮನೆ ಬಂದದ್ದಲ್ಲ. ಅವರಿಗೆ ಇಬ್ಬರು ತಮ್ಮಂದಿರು. ತಾಯಿ ತೀರಿಕೊಂಡಾಗ ಅಕ್ಕನಿಗೆ ಹತ್ತೊಂಬತ್ತು, ತಮ್ಮಂದಿರಿಗೆ ಹನ್ನೊಂದು ಮತ್ತು ಒಂಬತ್ತು. ಇವರೇ ಬೇಯಿಸಿ, ಬೈದು, ಮೂಗು ಒರೆಸಿ ಬೆಳೆಸಿದ್ದರು. ಇಲ್ಲಿ ಕೆಲಸವಿಲ್ಲದ ಕಾಲದಲ್ಲಿ ಇಬ್ಬರೂ ಒಂದೇ ವಿಮಾನದಲ್ಲಿ ಬಾಸ್ಟನ್ನಿಗೆ ಹೋಗಿ, ಒಂದೇ ಕೋಣೆಯಲ್ಲಿದ್ದು, ಒಂದೇ ಕಟ್ಟಡದ ಚಾವಣಿ ಹಾಕುತ್ತಿದ್ದರಂತೆ. ಮುಂದೆ ದೊಡ್ಡವನು ಅಲ್ಲೇ ಉಳಿದ. ಚಿಕ್ಕವನು ಟೆಕ್ಸಸ್ಸಿಗೆ ಹೋದ. ಆಮೇಲೆ ಆ ಅಧ್ಯಕ್ಷರು ಬಂದರು. ಒಬ್ಬ ತಮ್ಮನಿಗೆ ಅವರು ಉದ್ಧಾರಕ, ಇನ್ನೊಬ್ಬನಿಗೆ ಶನಿ. ಒಂದು ಹಬ್ಬದ ಊಟದಲ್ಲಿ ಮಾತಿಗೆ ಮಾತು ಬೆಳೆದು, ದೊಡ್ಡವನು ಚಿಕ್ಕವನನ್ನು ತಟ್ಟೆಯ ಮುಂದಿನಿಂದ ಎಬ್ಬಿಸಿ ಮನೆಯಿಂದ ಹೊರಗೆ ಕಳಿಸಿದ್ದ. ನಾನು ಈ ಕಥೆಯೊಳಗೆ ಕಾಲಿಡುವ ಹೊತ್ತಿಗೆ ಅವರಿಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು.

"ತಪ್ಪು ನಮ್ಮಮ್ಮಂದೇ," ಎಂದಿದ್ದರು ಅಜ್ಜಿ. ಅವರ ಬಾಲ್ಯದಲ್ಲಿ ಐರ್ಲೆಂಡಿನ ಅಡುಗೆಮನೆಗಳಲ್ಲಿ ಏಸುವಿನ ಪಟದ ಪಕ್ಕದಲ್ಲೇ, ಈ ಮಣ್ಣಿನ ಮೂಲದವರೆಂದು ಒಬ್ಬ ಅಮೆರಿಕನ್ ಅಧ್ಯಕ್ಷರ ಪಟವನ್ನೂ ನೇತುಹಾಕುತ್ತಿದ್ದರು. "ಎರಡನ್ನೂ ಒಂದೇ ಬಟ್ಟೇಲಿ ಒರೆಸ್ತಿದ್ಲು. ಹುಡುಗ್ರು ಅದನ್ನ ನೋಡ್ಕೊಂಡೇ ಗಂಜಿ ಕುಡಿದ್ರು. ದೇವರ ಪಕ್ಕ ಮನುಷ್ಯನ್ನ ನೇತುಹಾಕಿದ್ರೆ ಇನ್ನೇನಾಗುತ್ತೆ?"

ನಮ್ಮ ಮನೆಯ ಗೋಡೆಯಲ್ಲಿ ತಿರುಪತಿ ತಿಮ್ಮಪ್ಪನ ಪಕ್ಕ ಯಾರ್ಯಾರಿದ್ದರೆಂದು ನಾನು ಬೆರಳು ಮಡಚಿ ಎಣಿಸತೊಡಗಿದೆ.

ಭಾನುವಾರ ಅವರಿಗೆ ಎರಡು ಫೋನು ಬರುತ್ತಿದ್ದವು. ತಮ್ಮಂದಿರಿಬ್ಬರೂ ತಂತಮ್ಮ ಊರಿನ ಹನ್ನೊಂದು ಗಂಟೆಗೆ ಕರೆಮಾಡುವುದು ರೂಢಿ. ಹಾಗಾಗಿ ನಮ್ಮ ನಾಲ್ಕಕ್ಕೆ ಬಾಸ್ಟನ್, ಐದಕ್ಕೆ ಟೆಕ್ಸಸ್. ಅಜ್ಜಿಯ ಮಗಳು ವಾಟರ್‌ಫರ್ಡ್ ಎಂಬ ಊರಿನಲ್ಲಿ ನರ್ಸು. ಅವಳು ಅಮ್ಮನಿಗೊಂದು ಟ್ಯಾಬ್ಲೆಟ್ ಕೊಡಿಸಿದ ಮೇಲೆ, ಅದನ್ನು ಹಚ್ಚಿಕೊಡುವ ಕೆಲಸ ಪಕ್ಕದ ಮನೆಯ ಐಟಿ ತಜ್ಞನಿಗೆ, ಅಂದರೆ ನನಗೆ, ಬಂತು. ಹಾಗೆ ಹೋಗಿ ಕೂತು ನಾನು ಅವರ ಪದ್ಧತಿಯನ್ನು ಕಣ್ಣಾರೆ ಕಂಡೆ. ಮೊಟ್ಟೆ ಬೇಯಿಸುವಾಗ ತಿರುಗಿಸಿಡುವ ಟಿಕ್‌ಟಿಕ್ ಗಡಿಯಾರ ಅವರ ಹತ್ತಿರ ಇತ್ತು. ತಮ್ಮನ ಮುಖ ತೆರೆಯ ಮೇಲೆ ಬಂದಕೂಡಲೇ ಅದನ್ನು ಹತ್ತು ನಿಮಿಷಕ್ಕೆ ತಿರುಗಿಸುತ್ತಿದ್ದರು. ಆ ಹತ್ತು ನಿಮಿಷ ಅಧ್ಯಕ್ಷರಿಗೆ. ಅವನು ಬೇಕಾದಷ್ಟು ಹೊಗಳಲಿ, ಬೇಕಾದಷ್ಟು ಶಪಿಸಲಿ, ಇವರು ಆಲೂಗಡ್ಡೆ ಸುಲಿಯುತ್ತ "ಹೌದಾ?" "ಅಯ್ಯೋ!" ಎನ್ನುತ್ತ ಒಂದಕ್ಷರ ಬಿಡದೆ ಕೇಳುತ್ತಿದ್ದರು. ಟ್ರಿಣ್ ಎಂದಕೂಡಲೇ "ಸಾಕು. ಈಗ ನಿನ್ನ ಮೊಣಕಾಲಿನ ಕಥೆ ಹೇಳು." ಇಬ್ಬರಿಗೂ ಹತ್ತೇ ನಿಮಿಷ, ಒಬ್ಬನಿಗೂ ಒಂದು ಸೆಕೆಂಡು ಹೆಚ್ಚಿಲ್ಲ. ಒಂದು ದಿನ ನಾನೂ ನನ್ನ ಪುರಾಣ ತೆಗೆದಾಗ ಗಡಿಯಾರವನ್ನು ಅರ್ಧಕ್ಕೆ ತಿರುಗಿಸಿ ಮುಂದಿಟ್ಟರು. "ವೋಟಿಲ್ಲದೋರಿಗೆ ಐದೇ ನಿಮಿಷ."

ಫೋನಿಟ್ಟ ಮೇಲೆ ಒಮ್ಮೆ ಕೇಳಿದರು, "ನೀನು ಗಮನಿಸಿದ್ಯಾ? ಇಬ್ಬರೂ ಕೊನೇಲಿ ಹೇಳೋದು ಒಂದೇ. ನನ್ನ ದೇಶ ಕೈಬಿಟ್ಟು ಹೋಗ್ತಿದೆ, ನನ್ನ ಮೊಮ್ಮಕ್ಕಳ ಗತಿ ಏನು ಅಂತ. ಹೆದರಿಕೆ ಒಂದೇ. ಕಳ್ಳ ಯಾರು ಅನ್ನೋದ್ರಲ್ಲಿ ಮಾತ್ರ ಜಗಳ."

"ಹಾಗಂತ ಅವರಿಗೇ ಹೇಳಬಾರದಾ?"

"ನಾನು ಹೇಳಿದ್ರೆ ಅದು ನನ್ನ ಮಾತಾಗುತ್ತೆ. ಅವರವರೇ ಕೇಳಿಸ್ಕೋಬೇಕು. ಅದಕ್ಕೆ ಇಬ್ಬರೂ ಒಂದು ರೂಮಲ್ಲಿ ಇರ್ಬೇಕು." ಆಲೂಗಡ್ಡೆಯ ಸಿಪ್ಪೆಯನ್ನು ಗುಡ್ಡೆಮಾಡುತ್ತ, "ಒಂದು ಸಲ ಇಬ್ಬರೂ ಒಂದು ರೂಮಲ್ಲಿ ಕೂತು ಮಾತಾಡೋದನ್ನ ನೋಡಿ ಸಾಯಬೇಕು. ರಾಜಿ ಆಗೋದೇನೂ ಬೇಡ. ಮಾತಾಡಿದ್ರೆ ಸಾಕು," ಎಂದರು.

ಆ ಮಾತು ಕೇಳಿ ಸುಮ್ಮನಿದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂಬ ಗಾದೆಯನ್ನು ಕೇಳಿ ಬೆಳೆದವನು ನಾನು. ನಮ್ಮ ಕಡೆ ಮುನಿಸಿಕೊಂಡ ಅಣ್ಣತಮ್ಮಂದಿರನ್ನು ಸೇರಿಸುವುದು ಹೀಗೇ ತಾನೇ? ಸೋದರತ್ತೆಯೊಬ್ಬಳು ಅಣ್ಣನ ಹತ್ತಿರ ಹೋಗಿ "ಪಾಪ, ನಿನ್ನನ್ನೇ ನೆನೆಸ್ಕೋತಾನೆ" ಎನ್ನುತ್ತಾಳೆ. ತಮ್ಮನ ಹತ್ತಿರ ಬಂದು "ನಿನ್ನ ಹೆಸರು ಎತ್ತಿದ್ರೆ ಕಣ್ಣೀರು ಹಾಕ್ತಾನೆ" ಎನ್ನುತ್ತಾಳೆ. ಎರಡೂ ಸುಳ್ಳು. ಮುಂದಿನ ಹಬ್ಬಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿರುತ್ತಾರೆ. ಸುಳ್ಳೆಂದು ಇಬ್ಬರಿಗೂ ಗೊತ್ತಿದ್ದರೂ ಯಾರೂ ಕೇಳುವುದಿಲ್ಲ.

ದೊಡ್ಡ ತಮ್ಮನಿಗೆ ಮೊಣಕಾಲಿನ ಆಪರೇಷನ್ ಆದ ಮೂರನೆಯ ವಾರ. ಅಜ್ಜಿ ಚಹಾ ಮಾಡಲು ಒಳಗೆ ಹೋಗಿದ್ದರು. ತೆರೆಯ ಮೇಲಿದ್ದ ಅವರು ದನಿ ತಗ್ಗಿಸಿ ನನ್ನನ್ನು ಕೇಳಿದರು: "ಅವನು ಏನಾದ್ರೂ ಕೇಳ್ದನಾ? ನನ್ನ ಕಾಲಿನ ಬಗ್ಗೆ?"

"ಕೇಳಿದ್ರು," ಎಂದೆ. ಅದೂ ಸುಳ್ಳೇ; ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ನನ್ನೊಳಗಿನ ಸೋದರತ್ತೆ ಎದ್ದು ಕೂತಿದ್ದಳು. "ತುಂಬಾ ಕೇಳಿದ್ರು. ಕಣ್ಣಲ್ಲಿ ನೀರೇ ಬಂತು."

ಆ ವಯಸ್ಸಾದ ಮುಖ ತೆರೆಯ ಮೇಲೆ ಮೆತ್ತಗಾದದ್ದನ್ನು ಕಂಡು ನಾನು ಬೀಗಿದೆ. ಮನೆಗೆ ಬಂದು ನನ್ನಾಕೆಗೆ "ಅಮೆರಿಕದ ಅಂತರ್ಯುದ್ಧ ಮುಗಿಸಿ ಬಂದೆ" ಎಂದೆ. ಅವಳು "ಏನು ಮಾಡಿಟ್ಟು ಬಂದ್ರಿ?" ಎಂದಳು. ನನ್ನ ಬಗ್ಗೆ ಅವಳಿಗೆ ಅನುಭವವಿದೆ.

ಮರುವಾರ ನಾಲ್ಕು ಗಂಟೆಗೆ ಫೋನು ಬರಲಿಲ್ಲ. ಐದಕ್ಕೂ ಬರಲಿಲ್ಲ. ಐದೂವರೆಗೆ ಒಂದು ಸಂದೇಶ ಬಂತು. ಕನ್ನಡಕ ಸಿಗದೆ ಅಜ್ಜಿ ಟ್ಯಾಬ್ಲೆಟ್ಟನ್ನು ನನ್ನ ಕೈಗೆ ಕೊಟ್ಟು "ಓದು" ಎಂದರು. ದೊಡ್ಡ ತಮ್ಮ ಬರೆದಿದ್ದರು. ಏಳು ವರ್ಷದ ನಂತರ ಮೊದಲ ಸಲ ಚಿಕ್ಕವನಿಗೆ 'ಕೇಳಿದ್ದಕ್ಕೆ ಥ್ಯಾಂಕ್ಸ್' ಎಂದು ಬರೆದರಂತೆ. 'ನಾನು ಏನೂ ಕೇಳಿಲ್ಲ, ಇದೆಲ್ಲ ಅಕ್ಕನ ನಾಟಕ' ಎಂದು ಉತ್ತರ ಬಂತಂತೆ. ಕೊನೆಯ ಸಾಲು: ನೀನೂ ಸುಳ್ಳು ಹೇಳ್ತೀಯ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಓದಿ ಮುಗಿಸಿ, "ನಾನು. ನಾನು ಹೇಳಿದ್ದು," ಎಂದೆ. ಗಾದೆಯನ್ನೂ ವಿವರಿಸಿದೆ. ಗಾದೆ ಇಂಗ್ಲಿಷಿನಲ್ಲಿ ಬಹಳ ಕೆಟ್ಟದಾಗಿ ಕೇಳಿಸಿತು.

ಅವರು ಕೂಗಾಡಲಿಲ್ಲ. ಟ್ಯಾಬ್ಲೆಟ್ಟನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲೆ ಕವುಚಿಟ್ಟರು. "ಅವರಿಬ್ಬರೂ ನಂಬೋ ಮನುಷ್ಯಳು ಅಂತ ಈ ಭೂಮಿ ಮೇಲೆ ಒಬ್ಬಳಿದ್ಲು," ಎಂದರು. "ಏಳು ವರ್ಷ ಒಬ್ಬನ ಮಾತನ್ನ ಇನ್ನೊಬ್ಬನಿಗೆ ದಾಟಿಸಿಲ್ಲ ನಾನು. ಒಳ್ಳೇದನ್ನೂ ದಾಟಿಸಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತಾ? ಮನೆಗೆ ಹೋಗು."

ಹೋದೆ. ಎರಡು ವಾರ ಅವರು ಬೇಲಿಯ ಬಳಿ ಬರಲಿಲ್ಲ. ಯಾವ ಬಿನ್ ಎಂದು ಹೇಳುವವರಿಲ್ಲದೆ ನಮ್ಮ ಅಂಗಳ ನಾರತೊಡಗಿತು. ಆ ವಾಸನೆಯ ನಡುವೆ ಕೂತು ಕೊನೆಗೆ ತಮ್ಮಂದಿರಿಬ್ಬರಿಗೂ ಬರೆದೆ: ತಪ್ಪು ನನ್ನದು, ನಿಮ್ಮ ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ, ನಮ್ಮ ದೇಶದಲ್ಲಿ ಇದನ್ನು ಒಳ್ಳೆಯ ಕೆಲಸ ಎನ್ನುತ್ತಾರೆ. ಎರಡು ಸಲ ಟೈಪ್ ಮಾಡುವ ಸೋಮಾರಿತನಕ್ಕೆ ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಿ ಕಳಿಸಿಬಿಟ್ಟಿದ್ದೆ. ಐಟಿ ತಜ್ಞ! ಕಳಿಸಿದ ಮೇಲಷ್ಟೇ ಅದು ಹೊಳೆದದ್ದು. ಹತ್ತು ನಿಮಿಷಕ್ಕೆ ಟೆಕ್ಸಸ್ಸಿನಿಂದ ಬಂತು: 'ಯಾರು ಈ ಪೆಕರ?' ಬಾಸ್ಟನ್ನಿನಿಂದ: 'ಪಕ್ಕದ ಮನೆಯವನು. ದೊಡ್ಡ ಪೆಕರ.' ಟೆಕ್ಸಸ್ ಅದಕ್ಕೊಂದು ಹೆಬ್ಬೆರಳು ಎತ್ತಿತು. ಆಮೇಲೆ ಆ ಗುಂಪು ಪಿಟ್ಟೆನ್ನಲಿಲ್ಲ. ಅಂತೂ ಏಳು ವರ್ಷದಲ್ಲಿ ಅವರಿಬ್ಬರೂ ಸರ್ವಾನುಮತದಿಂದ ಒಪ್ಪಿದ ಏಕೈಕ ಸಂಗತಿ ನನ್ನ ಪೆಕರತನ.

ಅದನ್ನು ಒಯ್ದು ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕೊನೆಗೂ ನಕ್ಕರು. "ಇದು ಗ್ರ್ಯಾಂಡ್. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ." ಮುಂದಿನ ಭಾನುವಾರದಿಂದ ನಾಲ್ಕಕ್ಕೊಂದು, ಐದಕ್ಕೊಂದು ಫೋನು ಮತ್ತೆ ಶುರುವಾಯಿತು.

ಅವರಿಗೆ ಎಪ್ಪತ್ತೆಂಟಾದ ವರ್ಷ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಡಾಕ್ಟರು ಕೆಲವೇ ತಿಂಗಳು ಎಂದರು. ಮಗಳು ರಜೆ ಹಾಕಿ ವಾಟರ್‌ಫರ್ಡಿನಿಂದ ಬಂದು ಕೂತಳು. ತಮ್ಮಂದಿರಿಬ್ಬರೂ ಹಾರಿ ಬಂದರು, ಆದರೆ ಲೆಕ್ಕಾಚಾರ ಹಾಕಿಕೊಂಡು ಬಂದರು. ದೊಡ್ಡವರು ಫೆಬ್ರವರಿಯ ಮೊದಲ ವಾರ ಬಂದು ಶನಿವಾರ ಹೊರಟರು. ಚಿಕ್ಕವರು ಭಾನುವಾರ ಇಳಿದರು. ಅಕ್ಕನ ಎದುರಿನ ಅದೇ ಕುರ್ಚಿಯಲ್ಲಿ ಕೂತು, ಅದೇ ಅಧ್ಯಕ್ಷರ ಬಗ್ಗೆ ಹತ್ತು ನಿಮಿಷ ಮಾತಾಡಿ, ಅದೇ ಬಗೆಯಲ್ಲಿ ಅತ್ತು, ಇಬ್ಬರೂ ವಾಪಸಾದರು.

"ಒಂದೇ ದಿನ ಹೆಚ್ಚುಕಮ್ಮಿ," ಎಂದು ನಾನು ಹಲ್ಲು ಕಡಿದೆ. "ವಿಮಾನ ತಡವಾಗಿದ್ರೂ ಆಗ್ತಿತ್ತು."

"ಇರ್ಲಿ ಬಿಡು," ಎಂದರು ಅಜ್ಜಿ. "ನಾನಿರೋವಾಗ ಆಗಲ್ಲ ಅಂತ ಗೊತ್ತಾಯ್ತು. ಹೋದ ಮೇಲಾದ್ರೂ ಆಗ್ಲಿ." ಮಗಳಿಗೆ ಹೇಳಿ, ಅಂತ್ಯಸಂಸ್ಕಾರ ನಡೆಸುವವರನ್ನು ಮನೆಗೇ ಕರೆಸಿದರು.

ಇಲ್ಲಿ ಹೆಣ ಹೊರುವುದಕ್ಕೊಂದು ಕ್ರಮವಿದೆ. ನಮ್ಮಲ್ಲಿ ನಾಲ್ವರು ಹೆಗಲು ಕೊಟ್ಟರೆ ಇಲ್ಲಿ ಆರು ಜನ. ಎರಡೆರಡು ಮಂದಿಯ ಮೂರು ಜೋಡಿ. ಪೆಟ್ಟಿಗೆ ಹೆಗಲ ಮೇಲೆ ಕೂರುವುದರಿಂದ ಜೋಡಿಯ ಇಬ್ಬರೂ ಒಂದೇ ಎತ್ತರದವರಾಗಿರಬೇಕು, ಇಲ್ಲದಿದ್ದರೆ ವಾಲುತ್ತದೆ. ಅಷ್ಟೇ ಅಲ್ಲ, ಪೆಟ್ಟಿಗೆಯ ಅಡಿಯಿಂದ ಒಬ್ಬರು ಇನ್ನೊಬ್ಬರ ಭುಜದ ಮೇಲೆ ತೋಳು ಹಾಕಿ ಬಿಗಿಯಾಗಿ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ನಡೆಯಲು ಆಗುವುದಿಲ್ಲ. ಮೆಲುದನಿಯ ಆ ಮನುಷ್ಯ ಇದನ್ನೆಲ್ಲ ಹೇಳುತ್ತಿದ್ದರೆ ಅಜ್ಜಿ ಪಾಠ ಕೇಳುವ ಜಾಣ ಹುಡುಗಿಯಂತೆ ತಲೆಯಾಡಿಸುತ್ತಿದ್ದರು. ಇಪ್ಪತ್ತು ಶವಯಾತ್ರೆ ನೋಡಿದವರಿಗೆ ಇದೇನೂ ಹೊಸದಾಗಿರಲಿಲ್ಲ.

"ನನ್ನ ತಮ್ಮಂದಿರು ಹದಿನಾರನೇ ವರ್ಷದಿಂದ ಒಂದೇ ಎತ್ತರ," ಎಂದರು. "ಕೂದಲೆಳೆ ವ್ಯತ್ಯಾಸ ಇಲ್ಲ. ಹೋದ ತಿಂಗಳು ಬಂದಾಗ ಒಬ್ಬೊಬ್ಬನನ್ನೂ ಬಾಗಿಲಿಗೆ ನಿಲ್ಲಿಸಿ ಮತ್ತೆ ಅಳೆದಿದ್ದೀನಿ."

ಮೆಲುದನಿಯ ಮನುಷ್ಯ ಅದನ್ನು ಬರೆದುಕೊಂಡರು. "ಈಗ ಹೆಚ್ಚಿನವರು ಗಾಲಿಯ ಮೇಲೆ ಇಡಿಸ್ತಾರೆ. ಕೊನೆಯ ಹತ್ತು ಹೆಜ್ಜೆ ಮಾತ್ರ ಹೊರ್ತಾರೆ."

"ಗಾಲಿ ಬೇಡ. ಸೂಪರ್‌ಮಾರ್ಕೆಟ್ ಸಾಮಾನಲ್ಲ ನಾನು. ಚರ್ಚ್ ಬಾಗಿಲಿಂದ ಗುಂಡಿವರೆಗೂ ಹೆಗಲ ಮೇಲೇ ಹೋಗ್ಬೇಕು. ನೂರೈವತ್ತು ಹೆಜ್ಜೆ, ಎಣಿಸಿದ್ದೀನಿ."

"ಅವರ ವಯಸ್ಸಿಗೆ..."

"ನನ್ನ ತೂಕ ದಿನಾ ಇಳೀತಾ ಇದೆ. ಹೆದರಬೇಡಿ."

ಆಮೇಲೆ ನನ್ನ ಕಡೆ ತಿರುಗಿದರು. ನಾನೂ ಹೊರಬೇಕಂತೆ. ನನಗೆ ಬೆನ್ನುನೋವು, ಹಿಂದೊಮ್ಮೆ ಡಿಸ್ಕ್ ಜಾರಿತ್ತು, ನಾನು ಕ್ರೈಸ್ತನಲ್ಲ, ಮುಗ್ಗರಿಸಿದರೆ ಏನು ಗತಿ ಎಂದು ಒಂದೇ ಉಸಿರಿಗೆ ಹೇಳಿದೆ. "ನನ್ನ ಮಗಳ ಸಮಕ್ಕೆ ಗಿಡ್ಡ ಇರೋನು ಈ ಬೀದೀಲಿ ನೀನೊಬ್ಬನೇ," ಎಂದು ಅವರು ವಿಷಯ ಮುಗಿಸಿದರು. ತಮ್ಮಂದಿರಿಗೆ ಮಾತ್ರ ಏನೂ ತಿಳಿಸಬಾರದೆಂದು ನಮ್ಮೆಲ್ಲರಿಂದ ಮಾತು ತೆಗೆದುಕೊಂಡರು. ಸುಳ್ಳು ಹೇಳಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ನನ್ನನ್ನೇ ನೋಡುತ್ತ ಸೇರಿಸಿದರು.

ಏಪ್ರಿಲಿನ ಒಂದು ಬೆಳಗ್ಗೆ ಅಜ್ಜಿಯ ಮಗಳು ಬೇಲಿಯ ಬಳಿ ಬಂದು ನಿಂತಳು. ನನ್ನಾಕೆ ಒಲೆ ಆರಿಸಿ ಹಾಗೇ ಓಡಿದಳು.

ಇಲ್ಲಿ ಸತ್ತ ಮೂರನೆಯ ದಿನಕ್ಕೆ ಮಣ್ಣು. ಸರದಿಯ ಮೇಲೆ ಬರಲು ಈ ಸಲ ತಮ್ಮಂದಿರಿಗೆ ಪುರುಸೊತ್ತಿರಲಿಲ್ಲ. ಮನೆಯಲ್ಲಿ ಪೆಟ್ಟಿಗೆ ಇಟ್ಟಿದ್ದ ಆ ಒಂದು ದಿನ ಇಬ್ಬರೂ ಒಂದು ಬಗೆಯ ನೃತ್ಯವನ್ನೇ ನಡೆಸಿದರು. ಒಬ್ಬರು ಮುಂಕೋಣೆಗೆ ಬಂದರೆ ಇನ್ನೊಬ್ಬರು ಅಡುಗೆಮನೆಗೆ. ಒಬ್ಬರು ಸ್ಯಾಂಡ್‌ವಿಚ್ಚಿಗೆ ಕೈ ಹಾಕಿದರೆ ಇನ್ನೊಬ್ಬರು ಸಿಗರೇಟಿಗೆ. ಅದನ್ನು ನೋಡುತ್ತ ನಾನು ಮಣ್ಣಿನ ದಿನದ ಸಕಲ ಅನಾಹುತಗಳನ್ನೂ ಮುಂಚಿತವಾಗಿಯೇ ಅನುಭವಿಸಿದೆ. ಊಟದ ನಂತರ ಇಬ್ಬರೂ ಹೊಡೆದಾಡದಿರಲೆಂದು, ಅವರವರ ಹೋಟೆಲಿಗೆ ಹೋಗಲು ಬೇರೆ ಬೇರೆ ಟ್ಯಾಕ್ಸಿ ಹೇಳಿಯೂ ಇಟ್ಟೆ.

ಚರ್ಚಿನಲ್ಲಿ ಪೂಜೆ ಮುಗಿಯಿತು. ಮೆಲುದನಿಯ ಮನುಷ್ಯ ಚೀಟಿ ತೆಗೆದು ಜೋಡಿಗಳನ್ನು ಓದಿದರು. ಗಿಡ್ಡರಾದ ನಾನು ಮತ್ತು ಅಜ್ಜಿಯ ಮಗಳು ಮುಂದೆ. ತಮ್ಮಂದಿರು ನಡುವೆ. ಅಜ್ಜಿಯ ಎತ್ತರದ ಮೊಮ್ಮಕ್ಕಳಿಬ್ಬರು ಹಿಂದೆ.

"ನನ್ನನ್ನ ಬೇರೆ ಯಾರ ಜೊತೆಗಾದ್ರೂ ಹಾಕಿ," ಎಂದರು ದೊಡ್ಡ ತಮ್ಮ.

"ಆಗಲ್ಲ, ಸರ್. ಪೆಟ್ಟಿಗೆ ವಾಲುತ್ತೆ. ನಿಮ್ಮಕ್ಕನೇ ಅಳೆದುಕೊಟ್ಟಿದ್ದಾರೆ." ಚೀಟಿಯನ್ನು ಮುಂದೆ ಹಿಡಿದರು. ಅದರಲ್ಲಿ ಅಕ್ಕನ ಕೈಬರಹ, ಎರಡು ಹೆಸರು, ಎರಡಕ್ಕೂ ಒಂದೇ ಅಂಕಿ. ಚಿಕ್ಕ ತಮ್ಮ ಅದನ್ನು ಬಹಳ ಹೊತ್ತು ನೋಡಿದರು. ನೂರಾರು ಜನ ಕಾಯುತ್ತಿದ್ದರು.

"ತೋಳು ಹಾಕಿ," ಎಂದರು ಮೆಲುದನಿಯ ಮನುಷ್ಯ.

ನಾನು ಮುಂದಿದ್ದೆ. ನನ್ನ ಬೆನ್ನ ಹಿಂದೆ ಏನಾಗುತ್ತಿದೆಯೆಂದು ಕಾಣುತ್ತಿರಲಿಲ್ಲ. ಕೋಟಿನ ಬಟ್ಟೆ ಉಜ್ಜಿದ ಸದ್ದು ಒಂದು ಸಲ ಕೇಳಿತು, ತಡೆದು ಇನ್ನೊಂದು ಸಲ. ಆಮೇಲೆ ಭಾರ ಹೆಗಲಿಗೆ ಬಂತು. ಹಗುರವಾಗಿಯೇ ಇತ್ತು; ಹೇಳಿದಂತೆ ನಡೆದುಕೊಂಡಿದ್ದರು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಹಿಂದಿನಿಂದ ಉಸಿರಿನ ಸದ್ದು ಮಾತ್ರ. ಮೂವತ್ತು, ನಲವತ್ತು. ಇಷ್ಟೇ, ಇದು ಹೀಗೇ ಮುಗಿದುಹೋಗುತ್ತದೆ ಎಂದು ನನ್ನ ಚಿಂತೆ ತೀರ್ಪು ಬರೆಯತೊಡಗಿತ್ತು. ಎಂಬತ್ತರ ಸುಮಾರಿಗೆ ಕೇಳಿಸಿತು.

"ಎಳೀಬೇಡ."

"ನಾನೆಲ್ಲಿ ಎಳೀತಿದ್ದೀನಿ? ನೀನು ತಳ್ತಿದ್ದೀಯ."

"ಯಾವಾಗ್ಲೂ ಇದೇ ಆಯ್ತು ನಿಂದು."

"ಬಾಯಿ ಮುಚ್ಕೊಂಡು ನಡಿ. ಕಾಲು ನೋವಿದ್ರೆ ನನ್ನ ಮೇಲೆ ಭಾರ ಹಾಕು."

"ಹಾಕಲ್ಲ."

"ಹಾಕೋ, ಹೇಳಿದ್ದೀನಿ!"

ನನ್ನ ಭುಜದ ಮೇಲಿದ್ದ ಮಗಳ ತೋಳು ಗಡಗಡ ನಡುಗಿತು. ಅಳುತ್ತಿದ್ದಾಳೆ ಎಂದುಕೊಂಡು ಓರೆಗಣ್ಣಿನಲ್ಲಿ ನೋಡಿದೆ. ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

ಮಣ್ಣು ಹಾಕಿ ಎಲ್ಲರೂ ಹತ್ತಿರದ ಹೋಟೆಲಿಗೆ ಊಟಕ್ಕೆ ಹೋದೆವು. ತಮ್ಮಂದಿರು ಎದುರುಬದುರು ಕೂತರು. ಸೂಪು ಆರುವ ಮೊದಲೇ ಅಧ್ಯಕ್ಷರು ಬಂದರು. ಮೊದಲು ಸಣ್ಣ ದನಿ, ಆಮೇಲೆ ದೊಡ್ಡ ದನಿ. ದೊಡ್ಡವರು ಮೇಜು ಗುದ್ದಿದರು. ಚಿಕ್ಕವರು ಚಮಚ ಎತ್ತಿ ತೋರಿಸಿದರು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ನನ್ನೊಳಗಿನ ಸೋದರತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅವಳ ಜೊತೆ ನಾನೂ ಎದ್ದು ನಿಂತೆ. ಇಬ್ಬರಿಗೂ ಹೇಳಬೇಕಾದ ಒಳ್ಳೊಳ್ಳೆಯ ಮಾತುಗಳು ನನ್ನ ಬಾಯಲ್ಲಿ ಸಿದ್ಧವಾಗಿದ್ದವು. ಅರ್ಧ ನಿಜ, ಅರ್ಧ ಸಕ್ಕರೆ.

ಆಗ ಚಿಕ್ಕವರು "ನನ್ನ ಮೊಮ್ಮಕ್ಕಳ ಗತಿ ಏನು ಹೇಳು!" ಎಂದು ಕೂಗಿದರು. ದೊಡ್ಡವರು ಗುದ್ದಲು ಎತ್ತಿದ್ದ ಕೈ ಇಳಿಸಿ ತಮ್ಮನ ಮುಖ ನೋಡಿದರು. ಬಹುಶಃ ಆ ಮಾತು ಅವರಿಗೆ ತಮ್ಮದೇ ದನಿಯಲ್ಲಿ ಕೇಳಿಸಿರಬೇಕು. "ಎಷ್ಟು ಜನ ಈಗ?" ಎಂದರು. "ಐದು," ಎಂದರು ಚಿಕ್ಕವರು. "ನಿನಗೆ ಮೂವರ ಹೆಸರು ಮಾತ್ರ ಗೊತ್ತು." ನಾನು ಕೂತೆ. ಐವತ್ತು ದಾಟಿದ ಮೇಲೆ ಇನ್ನೊಬ್ಬರ ಜಗಳದಲ್ಲಿ ತಲೆ ಹಾಕದೆ ಕೂತದ್ದು ಅದೇ ಮೊದಲು. ನನ್ನ ಮಟ್ಟಿಗೆ ಅಜ್ಜಿ ಬಿಟ್ಟುಹೋದ ಆಸ್ತಿ ಅದು. ಅದನ್ನು ಇನ್ನೂ ಸರಿಯಾಗಿ ಬಳಸಲು ಬಾರದಿದ್ದರೂ ನನ್ನ ಹತ್ತಿರವೇ ಇದೆ.

ಹೆಸರುಗಳು ಮುಗಿದ ಮೇಲೆ ಮತ್ತೆ ಅಧ್ಯಕ್ಷರು ಬಂದರು, ಮತ್ತೆ ಮೇಜು ಗುದ್ದಿದ್ದಾಯಿತು. ತಟ್ಟೆ ಎತ್ತುವವರು ಬಂದು ನಿಂತರೂ ಇಬ್ಬರೂ ಏಳಲಿಲ್ಲ. ಕೊನೆಗೆ ಬಾಗಿಲಿಗೆ ಬಂದರೆ ನಾನು ಹೇಳಿದ್ದ ಎರಡು ಟ್ಯಾಕ್ಸಿಗಳೂ ಕಾಯುತ್ತಿದ್ದವು. ಒಂದು ಬ್ಲಾಂಚರ್ಡ್ಸ್‌ಟೌನಿನ ಹೋಟೆಲಿಗೆ, ಇನ್ನೊಂದು ವಿಮಾನ ನಿಲ್ದಾಣದ ಬಳಿಯ ಹೋಟೆಲಿಗೆ. ಚಿಕ್ಕವರು ಮುಂದಿನದಕ್ಕೆ ಹತ್ತಿದರು. ದೊಡ್ಡವರು ಮಾತು ಮುಗಿದಿಲ್ಲವೆಂಬಂತೆ, ನೋಯುವ ಕಾಲನ್ನು ಎಳೆದುಕೊಂಡು ಅದರೊಳಗೇ ತೂರಿದರು. ಬಾಗಿಲು ಹಾಕಿ ಹೊರಟ ಮೇಲೂ ಗಾಜಿನೊಳಗೆ ಎರಡು ಬಾಯಿಗಳು ಆಡುತ್ತಲೇ ಇದ್ದವು.

ಎರಡನೆಯ ಟ್ಯಾಕ್ಸಿಯವನು ಗಾಜು ಇಳಿಸಿ, "ನನ್ನೋರು ಎಲ್ಲಿ?" ಎಂದ.

ಅವನು ಖಾಲಿ ಹೋಗಬಾರದೆಂದು ನಾನೇ ಹತ್ತಿ ಕೂತೆ. ನಮ್ಮ ಮನೆ ಐದು ನಿಮಿಷದ ದಾರಿ. ಅಷ್ಟು ದೂರವೂ ಅವನು ಅಮೆರಿಕದ ಅಧ್ಯಕ್ಷರ ಬಗ್ಗೆಯೇ ಮಾತಾಡಿದ. ಒಂದೊಂದು ಮಾತೂ ನನ್ನ ಅಭಿಪ್ರಾಯಕ್ಕೆ ತದ್ವಿರುದ್ಧ. ನಾನು ಪೂರ್ತಿ ಕೇಳಿದೆ. ಮನೆಯ ಮುಂದೆ ಕಾರು ನಿಂತಿತು. ನಾನು ಇಳಿಯಲಿಲ್ಲ. "ಈಗ ನನ್ನದು ಕೇಳಪ್ಪ," ಎಂದೆ. ಅವನು ಎಂಜಿನ್ ಆರಿಸಿದ.